ಗೋವಾದ ಸಂತೆ, ಹಾಲೆಂಡಿನ ತಾಮ್ರದ ತಗಡು

ಪ್ರಶ್ನೆ: ನಾನು ಕುಮಟಾ ಕಡೆಯವನು. ಹಳೆಯ ಸಾಮಾನು ಮಾರುವ ಅಂಗಡಿಯಲ್ಲಿ ಒಂದು ಕಪ್ಪು-ಬಿಳುಪು ಚಿತ್ರ ಸಿಕ್ಕಿತು. ನಟ್ಟನಡುವೆ ಮಡಚಿದ ಗುರುತಿದೆ. ಲ್ಯಾಟಿನ್ ಮತ್ತು ಡಚ್ ಬರಹ ಇದೆ. ಗೋವಾದ ಮಾರುಕಟ್ಟೆಯ ಚಿತ್ರ, 1596ರ ಡಚ್ ಪುಸ್ತಕದ್ದು ಅಂತ ಅಂಗಡಿಯವರು ಹೇಳಿದರು. ಟೋಪಿ ಹಾಕಿದ ಪೋರ್ಚುಗೀಸರು, ಕೊಡೆ ಹಿಡಿದ ಆಳುಗಳು, ಕುದುರೆ ಎಲ್ಲ ಕಾಣುತ್ತವೆ. ಆದರೆ ನಮ್ಮ ಕಡೆಯ ಜನ ಮಾತ್ರ ಗರಡಿಮನೆಯಿಂದ ಎದ್ದು ಬಂದವರ ಹಾಗಿದ್ದಾರೆ. ಇದನ್ನು ಬರೆದವನು ನಿಜವಾಗಿ ಗೋವಾ ನೋಡಿದ್ದನೇ? ಇದರಲ್ಲಿ ಕನ್ನಡದವರು ಇದ್ದಾರೆಯೇ? ಎಷ್ಟು ನಂಬಬಹುದು?

ಉತ್ತರ: ನೋಡಿದ್ದ. ಸುಮ್ನೆ ಬಂದು ಹೋದವನೂ ಅಲ್ಲ. 1583ರ ಸೆಪ್ಟೆಂಬರಿನಿಂದ 1588ರ ಕೊನೆಯವರೆಗೆ ಗೋವಾದಲ್ಲೇ ಇದ್ದ. ಹೆಸರು ಯಾನ್ ಹೈಗೆನ್ ಫಾನ್ ಲಿನ್ಸ್‌ಖೋಟನ್. ಆದರೆ ನಿಮ್ಮ ಚಿತ್ರದ ಗೆರೆಗಳನ್ನು ತಾಮ್ರದ ಮೇಲೆ ತೆಗೆದವರು ಬೇರೆ. ಅವರು ಗೋವಾದ ಕಡೆ ತಲೆ ಹಾಕಿಯೂ ಮಲಗಿದವರಲ್ಲ. ಹಾಗಾಗಿ ಇದು ಕಣ್ಣಾರೆ ಕಂಡ ಚಿತ್ರವೇ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ. ಯಾರು ನೋಡಿದರು, ಯಾರು ಕೆತ್ತಿದರು, ಯಾರು ದುಡ್ಡು ಹಾಕಿದರು, ಯಾರು ಕೊಂಡರು ಅಂತ ಬೇರೆ ಬೇರೆಯಾಗಿ ಕೇಳಬೇಕು.

ಮೊದಲು ನಿಮ್ಮ ಕೈಯಲ್ಲಿರುವ ಕಾಗದದ ವಿಷಯ ಮುಗಿಸಿಬಿಡೋಣ. ಒಂದು ಭೂತಗನ್ನಡಿ ತೆಗೆದುಕೊಳ್ಳಿ. ಗೆರೆಗಳು ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಕಂಡರೆ ಅದು ಇತ್ತೀಚಿನ ಆಫ್‌ಸೆಟ್ ಪ್ರತಿ. ಗೆರೆ ಒಡೆಯದೆ ಇಂಕು ತುಂಬಿಕೊಂಡಿದ್ದರೆ ಮುಂದೆ ನೋಡಿ. ತಾಮ್ರದ ತಗಡನ್ನು ಒದ್ದೆ ಕಾಗದಕ್ಕೆ ಒತ್ತಿ ಉರುಳೆಗಳ ನಡುವೆ ಎಳೆದಾಗ ತಗಡಿನ ಅಂಚು ಕಾಗದದಲ್ಲಿ ಅಚ್ಚಾಗಿ ಉಳಿಯುತ್ತದೆ. ಓರೆ ಬೆಳಕಿನಲ್ಲಿ ಹಿಡಿದರೆ ಚಿತ್ರದ ಸುತ್ತ ಆ ತಗ್ಗು ಚೌಕ ಕಾಣಬೇಕು. ಕಾಗದವನ್ನು ಬೆಳಕಿಗೆ ಅಡ್ಡ ಹಿಡಿದಾಗ ಒತ್ತೊತ್ತಾಗಿ ತಂತಿಯ ಗೆರೆಗಳು ಕಂಡರೆ ಒಳ್ಳೆಯದು, ಆ ಕಾಲದ ಕೈಕಾಗದ ಹಾಗಿರುತ್ತಿತ್ತು. ನಡುವಿನ ಮಡಿಕೆ ಬಗ್ಗೆ ಬೇಸರ ಬೇಡ. ಪುಸ್ತಕದಲ್ಲಿ ಇದು ಎರಡು ಪುಟದಷ್ಟು ಅಗಲದ ಹಾಳೆ, ಮಡಚಿಯೇ ಹೊಲಿಯುತ್ತಿದ್ದರು.

ಬರಹವನ್ನೂ ಗಮನಿಸಿ. ಮೂಲ ಪುಸ್ತಕದಲ್ಲಿ ಅಕ್ಷರಗಳೂ ತಾಮ್ರದಲ್ಲೇ ಕೆತ್ತಿದವು, ಚಿತ್ರದ ಜೊತೆಗೇ ಅಚ್ಚಾದವು. ಅಚ್ಚುಮೊಳೆ ಜೋಡಿಸಿ ಬೇರೆಯಾಗಿ ಮುದ್ರಿಸಿದ ಅಕ್ಷರಗಳಿದ್ದು ಚಿತ್ರವೂ ಚಿಕ್ಕದಾಗಿದ್ದರೆ ಅದು ಫ್ರಾಂಕ್‌ಫರ್ಟಿನ ಪ್ರಕಾಶಕರಾದ ಡಿ ಬ್ರೈ ಮನೆಯವರ ನಕಲು ಇರಬಹುದು. ಅವರು 1598ರಿಂದ ಈ ಚಿತ್ರಗಳನ್ನು ಹೊಸದಾಗಿ ಕೆತ್ತಿ ಲ್ಯಾಟಿನ್ ಮತ್ತು ಜರ್ಮನ್ ಭಾಷೆಯಲ್ಲಿ ಮಾರಿದರು. ನಿಮ್ಮದು ಮೂಲ ತಗಡಿನದ್ದೇ ಆದರೂ 1596ರದ್ದೇ ಆಗಬೇಕಿಲ್ಲ. ಅದೇ ತಗಡುಗಳು 1644ರ ಆವೃತ್ತಿಯವರೆಗೂ ದುಡಿದಿವೆ. ಪ್ರತಿ ಸಲ ಇಂಕು ಹಚ್ಚಿ, ಒರೆಸಿ, ಒತ್ತಿದಾಗ ತಾಮ್ರ ಸವೆಯುತ್ತದೆ, ತೆಳು ಗೆರೆಗಳು ಮೊದಲು ಮಾಸುತ್ತವೆ. ದೂರದ ಮನೆಗಳು, ಮುಖದ ನೆರಳು ಮಸುಕಾಗಿದ್ದರೆ ಆಮೇಲಿನ ಪ್ರತಿ ಅಂದುಕೊಳ್ಳಿ.

ಇನ್ನು ಲಿನ್ಸ್‌ಖೋಟನ್. ಹುಟ್ಟಿದ್ದು ಹಾರ್ಲೆಮ್ ಊರಲ್ಲಿ, ಬೆಳೆದದ್ದು ಎಂಕ್‌ಹೌಜನ್ ಎಂಬ ಬಂದರಿನಲ್ಲಿ. ಅಪ್ಪ ಛತ್ರ ನಡೆಸುತ್ತಿದ್ದ. ಹದಿಹರೆಯದಲ್ಲೇ ಸ್ಪೇನಿಗೆ, ಅಲ್ಲಿಂದ ಲಿಸ್ಬನ್ನಿಗೆ ಹೋದ. ಗೋವಾದ ಆರ್ಚ್‌ಬಿಷಪ್ ಆಗಿ ಹೊರಟಿದ್ದ ವಿಸೆಂಟೆ ದ ಫೋನ್ಸೆಕಾ ಅವರ ಜೊತೆ ಗುಮಾಸ್ತನಾಗಿ ಹಡಗು ಹತ್ತಿದ. ಇದು ಮುಖ್ಯ. ಆರ್ಚ್‌ಬಿಷಪ್ ಮನೆಯ ಲೆಕ್ಕಪತ್ರ ಬರೆಯುವವನಿಗೆ ಊರಿನ ದೊಡ್ಡವರೆಲ್ಲ ಕಾಣುತ್ತಾರೆ, ಕಾಗದಪತ್ರಗಳೂ ಕಣ್ಣಿಗೆ ಬೀಳುತ್ತವೆ. ಪೋರ್ಚುಗೀಸರು ಮುಚ್ಚಿಡುತ್ತಿದ್ದ ಸಮುದ್ರದಾರಿಯ ವಿವರಗಳನ್ನು ಅವನು ಮೆಲ್ಲಗೆ ಕಲೆಹಾಕಿದ. 1587ರಲ್ಲಿ ಊರಿಗೆ ಹೊರಟ ಆರ್ಚ್‌ಬಿಷಪ್ ದಾರಿಯಲ್ಲೇ ತೀರಿಕೊಂಡರು. ಸುದ್ದಿ ಗೋವಾ ತಲುಪಿದ್ದು ಮರುವರ್ಷ. ಆಸರೆ ಹೋದ ಮೇಲೆ ಇವನೂ ಹೊರಟ. ನಡುವೆ ಅಝೋರಿಸ್ ದ್ವೀಪಗಳಲ್ಲಿ ಎರಡು ವರ್ಷ ಸಿಕ್ಕಿಹಾಕಿಕೊಂಡು, 1592ರಲ್ಲಿ ಎಂಕ್‌ಹೌಜನ್ ಸೇರಿದ.

ಅವನು ಹೋಗದ ಜಾಗಗಳ ಪಟ್ಟಿಯನ್ನೂ ನೆನಪಿಡಿ. ಚೀನಾಕ್ಕೆ ಹೋಗಿಲ್ಲ, ಜಾವಾಕ್ಕೂ ಹೋಗಿಲ್ಲ. ಆದರೂ ಅದೇ ಪುಸ್ತಕದಲ್ಲಿ ಚೀನಾದ ಅಧಿಕಾರಿಗಳ ಚಿತ್ರ ಇದೆ, ಜಾವಾದವರ ಚಿತ್ರವೂ ಇದೆ. ಗೋವಾದ ಬೀದಿ ಎಷ್ಟು ಖಚಿತವಾಗಿ ಕಾಣುತ್ತದೋ ಅವೂ ಅಷ್ಟೇ ಖಚಿತವಾಗಿ ಕಾಣುತ್ತವೆ. ತಾಮ್ರದ ಗೆರೆಗೆ ‘ಇದನ್ನು ನಾನೇ ಕಂಡೆ’, ‘ಇದನ್ನು ಯಾರೋ ಹೇಳಿದರು’ ಎನ್ನುವ ವ್ಯತ್ಯಾಸ ಗೊತ್ತಿಲ್ಲ. ಕಂಡದ್ದು, ಕೇಳಿದ್ದು, ಊಹಿಸಿದ್ದು ಎಲ್ಲಕ್ಕೂ ಒಂದೇ ದಪ್ಪ, ಒಂದೇ ಗಟ್ಟಿತನ. ಇಂಥ ಚಿತ್ರಗಳನ್ನು ಓದುವವರು ಜಾಸ್ತಿ ಎಡವುವುದೇ ಇಲ್ಲಿ. ಗೆರೆ ಸ್ಪಷ್ಟವಾಗಿದೆ ಅಂದ ಕೂಡಲೇ ಸಂಗತಿಯೂ ಸ್ಪಷ್ಟ ಅಂದುಕೊಂಡುಬಿಡುತ್ತಾರೆ.

ಆ ಗೆರೆಗಳನ್ನು ತೆಗೆದವರು ಡೂಟೆಕುಮ್ ಮನೆತನದವರು. ಯೋಹಾನೆಸ್ ಮತ್ತು ಬಾಪ್ಟಿಸ್ಟಾ ಎಂಬ ಹೆಸರುಗಳು ಈ ಪುಸ್ತಕದ ಚಿತ್ರಗಳ ಜೊತೆ ಬರುತ್ತವೆ. ಮೂಲ ಊರು ಡೆವೆಂಟರ್. ಹಿಂದಿನ ತಲೆಮಾರಿನ ಅಣ್ಣತಮ್ಮಂದಿರು, ದೊಡ್ಡ ಯೋಹಾನೆಸ್ ಮತ್ತು ಲೂಕಾಸ್, ಆಂಟ್‌ವರ್ಪಿನ ಹೆಸರಾಂತ ಪ್ರಕಾಶಕ ಹೀರೋನಿಮುಸ್ ಕಾಕ್‌ನ ಬಳಿ ಕೆಲಸ ಮಾಡಿದವರು. ಅವರ ಕೈಯಲ್ಲಿ ಒಂದು ವಿದ್ಯೆ ಇತ್ತು. ಅದನ್ನು ತಿಳಿದರೆ ನಿಮ್ಮ ಚಿತ್ರ ಬೇರೆಯೇ ಆಗಿ ಕಾಣುತ್ತದೆ.

ತಾಮ್ರದಲ್ಲಿ ಗೆರೆ ತೆಗೆಯಲು ಎರಡು ದಾರಿ. ಒಂದು, ಚೂಪು ಮೊನೆಯ ಉಕ್ಕಿನ ಉಳಿಯನ್ನು ಅಂಗೈಯಿಂದ ತಳ್ಳಿ ತಾಮ್ರವನ್ನು ಎಳೆ ಎಳೆಯಾಗಿ ಎಬ್ಬಿಸುವುದು. ಹೀಗೆ ತೆಗೆದ ಗೆರೆ ತೆಳ್ಳಗೆ ಶುರುವಾಗಿ, ನಡುವೆ ದಪ್ಪವಾಗಿ, ಮತ್ತೆ ಮೊನಚಾಗಿ ಮುಗಿಯುತ್ತದೆ. ತುಂಬಾ ಚೆಂದ. ಆದರೆ ವರ್ಷಗಟ್ಟಲೆ ಪಳಗಿದ ಕೈ ಬೇಕು, ಕೆಲಸವೂ ನಿಧಾನ. ಇನ್ನೊಂದು ಎಚ್ಚಿಂಗ್. ತಗಡಿಗೆ ಮೇಣದಂಥ ಪದರ ಬಳಿದು, ಅದರ ಮೇಲೆ ಸೂಜಿಯಿಂದ ಗೀಚಿ, ಆಸಿಡ್ ಹಾಕುವುದು. ಗೀಚಿದಲ್ಲಿ ಮಾತ್ರ ಆಸಿಡ್ ತಾಮ್ರವನ್ನು ತಿನ್ನುತ್ತದೆ. ಕಾಗದದ ಮೇಲೆ ಬರೆದಷ್ಟೇ ಸಲೀಸು. ಆದರೆ ಗೆರೆ ಉದ್ದಕ್ಕೂ ಒಂದೇ ದಪ್ಪ, ತುದಿ ಮೊಂಡು. ಅದಕ್ಕೇ ಆ ಕಾಲದಲ್ಲಿ ಉಳಿಯ ಕೆಲಸಕ್ಕೆ ಇದ್ದ ಬೆಲೆ ಇದಕ್ಕಿರಲಿಲ್ಲ.

ಡೂಟೆಕುಮ್ ಮನೆಯವರು ಎಚ್ಚಿಂಗ್ ಮಾಡಿ ಅದನ್ನು ಉಳಿಯ ಕೆಲಸದಂತೆ ಕಾಣಿಸಿದರು. ಗೆರೆ ಉಬ್ಬುವುದು, ಇಳಿಯುವುದು, ನೆರಳು ಮೆಲ್ಲಗೆ ತಿಳಿಯಾಗುವುದು ಎಲ್ಲವನ್ನೂ ಆಸಿಡ್‌ನಲ್ಲೇ ಸಾಧಿಸಿ, ಬೇಕಾದಲ್ಲಿ ಉಳಿ ಮುಟ್ಟಿಸುತ್ತಿದ್ದರು. 1609ರಲ್ಲಿ ಜರ್ಮನಿಯ ಮಥಿಯಾಸ್ ಕ್ವಾಡ್ ಬರೆದ ಪ್ರಕಾರ, ಪಳಗಿದ ಕಣ್ಣಿನವರೂ ಇವರ ಕೆಲಸ ನೋಡಿ ಉಳಿಯದ್ದು ಅಂತಲೇ ನಂಬುತ್ತಿದ್ದರಂತೆ. ನಿಮ್ಮ ಪ್ರತಿಯಲ್ಲಿ ಬಟ್ಟೆಯ ಮಡಿಕೆಗಳನ್ನು ಭೂತಗನ್ನಡಿಯಲ್ಲಿ ನೋಡಿ. ಗೆರೆ ಮೊನಚಾಗಿ ಮುಗಿಯುತ್ತದೋ ಮೊಂಡಾಗಿ ನಿಲ್ಲುತ್ತದೋ ಹುಡುಕಿ. ನನಗಂತೂ ಇಂಥ ಹುಡುಕಾಟದಲ್ಲಿ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಈ ವಿದ್ಯೆ ಯಾಕೆ ಬೇಕಾಯಿತು? ಅವಸರಕ್ಕೆ, ದುಡ್ಡಿಗೆ. ಮೂವತ್ತಕ್ಕೂ ಹೆಚ್ಚು ಫಲಕಗಳು, ಬಹುಪಾಲು ಎರಡು ಪುಟದ ಅಗಲ. ಜೊತೆಗೆ ನಕ್ಷೆಗಳು. ಎಲ್ಲವನ್ನೂ ಉಳಿಯಲ್ಲೇ ಕೆತ್ತಿಸಿದ್ದರೆ ಪ್ರಕಾಶಕನ ಮನೆ ತೊಳೆದುಹೋಗುತ್ತಿತ್ತು. ಪ್ರಕಾಶಕ ಆಮ್ಸ್ಟರ್‌ಡಾಮಿನ ಕಾರ್ನೆಲಿಸ್ ಕ್ಲಾಸ್. ಅವನ ಮುಖ್ಯ ವ್ಯಾಪಾರವೇ ನಕ್ಷೆ, ಯಾನದ ಪುಸ್ತಕ. ಪ್ಲಾನ್ಸಿಯುಸ್ ರಚಿಸಿದ ದೊಡ್ಡ ವಿಶ್ವನಕ್ಷೆಯನ್ನು ಅವನಿಗಾಗಿ ಕೆತ್ತಿದ್ದೂ ಈ ಡೂಟೆಕುಮ್ ಮನೆಯವರೇ. ಅಂದರೆ ನಿಮ್ಮ ಗೋವಾ ಸಂತೆಯ ಜನರನ್ನು ಕೆತ್ತಿದ ಕೈಗಳು ನಕ್ಷೆಗೆ ಪಳಗಿದ ಕೈಗಳು. ಅದು ಚಿತ್ರದಲ್ಲೇ ಗೊತ್ತಾಗುತ್ತದೆ. ಜನ ಒಬ್ಬರಿಗೊಬ್ಬರು ಅಂಟಿಕೊಳ್ಳುವುದಿಲ್ಲ. ಸಂತೆ ಅಂದಮೇಲೆ ತಳ್ಳಾಟ ಇರಬೇಕಲ್ವಾ? ಇಲ್ಲಿಲ್ಲ. ಒಂದೊಂದು ಗುಂಪಿನ ಸುತ್ತಲೂ ಜಾಗ. ಒಂದು ಪುಸ್ತಕದ ತುಂಬ ಇಂಥವರು ಹೀಗೆ ಉಡುತ್ತಾರೆ, ಅಂಥವರು ಹಾಗೆ ಹೋಗುತ್ತಾರೆ ಎಂದು ಹೆಸರು ಹಚ್ಚಿ ನಿಲ್ಲಿಸಿದ ಮಾದರಿಗಳು. ನಕ್ಷೆಯಲ್ಲಿ ಊರುಗಳಿಗೆ ಹೆಸರು ಹಚ್ಚಿದ ಕೈಗೆ ಮನುಷ್ಯರಿಗೆ ಹೆಸರು ಹಚ್ಚುವುದು ಕಷ್ಟವಾಗಲಿಲ್ಲ.

ಈಗ ನಿಮ್ಮ ಪೈಲ್ವಾನರ ವಿಷಯ. ಡೂಟೆಕುಮ್ ಮನೆಯ ಹಿರಿಯ ಆಗ ಹಾರ್ಲೆಮ್‌ನಲ್ಲಿ ನೆಲೆಸಿದ್ದ. ಅದೇ ಊರಲ್ಲಿ ಹೆಂಡ್ರಿಕ್ ಗೋಲ್ಟ್‌ಜಿಯುಸ್ ಇದ್ದ, ಆ ತಲೆಮಾರಿನ ಉಳಿಯ ಕೆಲಸಗಾರರಲ್ಲಿ ಎಲ್ಲರಿಗಿಂತ ದೊಡ್ಡವನು. ಅವನು 1590ರಲ್ಲಿ ಇಟಲಿಗೆ ಹೋಗಿ, ರೋಮಿನ ಹಳೆಯ ಕಲ್ಲಿನ ವಿಗ್ರಹಗಳನ್ನು ಬರೆದುಕೊಂಡು ಬಂದ. ಊರಿನ ಚಿತ್ರಗಾರರಿಗೆಲ್ಲ ಗಂಡಸಿನ ಮೈ ಅಂದರೆ ಉಬ್ಬಿದ ತೋಳು, ಹುರಿಗಟ್ಟಿದ ಮೀನಖಂಡ. ಬಟ್ಟೆ ಕಡಿಮೆ ಇರುವ ಮನುಷ್ಯನನ್ನು ಬರೆಯಿರಿ ಅಂದರೆ ಅವರ ಕೈಗೆ ಬರುವುದು ರೋಮಿನ ವಿಗ್ರಹವೇ. ನಮ್ಮ ಕ್ಯಾಲೆಂಡರ್ ಚಿತ್ರಗಳಲ್ಲಿ ರಾಮನಿಗೂ ಶಿವನಿಗೂ ಒಂದೇ ಮೈಕಟ್ಟು ಇರುತ್ತದಲ್ವಾ, ಹಾಗೆ. ಲಿನ್ಸ್‌ಖೋಟನ್ ಕೊಟ್ಟದ್ದು ಸಣ್ಣ ರೇಖಾಚಿತ್ರಗಳು. ಉಡುಪು, ಕೊಡೆ, ಆಭರಣ, ಹೊರೆ ಹೊರುವ ಬಗೆ ಅವನಿಂದ ಬಂತು. ಅದರೊಳಗಿನ ಮೈಯನ್ನು ಕೆತ್ತುವವರು ತುಂಬಿದರು. ತಿದ್ದಲು ಅವನೂ ಸದಾ ಪಕ್ಕದಲ್ಲಿ ಇರಲಿಲ್ಲ. 1594 ಮತ್ತು 1595ರ ಬೇಸಿಗೆಯಲ್ಲಿ ಅವನು ಡಚ್ ನಾವಿಕ ಬ್ಯಾರೆಂಟ್ಸ್ ಮುಂತಾದವರ ಜೊತೆ ಉತ್ತರದ ಹಿಮದ ಸಮುದ್ರದಲ್ಲಿ ಚೀನಾಕ್ಕೆ ಹೊಸ ದಾರಿ ಹುಡುಕುತ್ತಿದ್ದ.

ಹಾಗಾಗಿ ನನ್ನ ಮಟ್ಟಿಗೆ ನಿಯಮ ಇಷ್ಟೇ: ಮೈಯನ್ನು ನಂಬಬೇಡಿ, ಮೈ ಮೇಲಿನದನ್ನು ಮತ್ತು ಕೈಯಲ್ಲಿರುವುದನ್ನು ಗಮನವಿಟ್ಟು ನೋಡಿ.

ಕೈಯಲ್ಲಿರುವುದರಲ್ಲಿ ಮೊದಲನೆಯದು ಕೊಡೆ. ಲಿನ್ಸ್‌ಖೋಟನ್ ತನ್ನ ಬರಹದಲ್ಲಿ ಕೊಡೆಯ ಬಗ್ಗೆ ಹೇಳುವ ಮಾತು ಈ ಚಿತ್ರಕ್ಕೆ ಬೀಗದ ಕೈ. ಗೋವಾದಲ್ಲಿ ತಲೆಯ ಮೇಲೆ ಕೊಡೆ ಹಿಡಿಸಿಕೊಂಡು ನಡೆಯುವುದು ಪೋರ್ಚುಗೀಸರ ದೌಲತ್ತು. ಸ್ಥಳೀಯರಲ್ಲಿ ಆ ಮರ್ಯಾದೆ ಇದ್ದದ್ದು ರಾಯಭಾರಿಗಳಿಗೆ, ಕೆಲವು ಸಿರಿವಂತ ವ್ಯಾಪಾರಿಗಳಿಗೆ, ಮತ್ತೆ ವೈದ್ಯರಿಗೆ. ಹೌದು, ನಮ್ಮ ನಾಟಿ ವೈದ್ಯರಿಗೆ! ವೈಸರಾಯ್, ಆರ್ಚ್‌ಬಿಷಪ್, ಪಾದ್ರಿಗಳು ಎಲ್ಲರೂ ತಮ್ಮ ದೇಶದ ವೈದ್ಯರಿಗಿಂತ ಈ ಹಿಂದೂ ವೈದ್ಯರನ್ನೇ ಜಾಸ್ತಿ ನಂಬುತ್ತಿದ್ದರು ಎಂದು ಅವನು ಬರೆಯುತ್ತಾನೆ. ಆರ್ಚ್‌ಬಿಷಪ್ ಮನೆಯಲ್ಲೇ ಇದ್ದವನ ಮಾತು, ತಳ್ಳಿಹಾಕುವಂತಿಲ್ಲ. ಹಾಗಾಗಿ ಚಿತ್ರದಲ್ಲಿ ಪ್ರತಿ ಕೊಡೆಯ ಕೆಳಗೆ ಯಾರಿದ್ದಾರೆ, ಹಿಡಿದವರು ಯಾರು ಅಂತ ನೋಡುತ್ತಾ ಹೋಗಿ. ಬಿಸಿಲಿನ ನೆಪದಲ್ಲಿ ಊರಿನ ಮೇಲು ಕೀಳೆಲ್ಲ ಅಲ್ಲಿದೆ.

ಎರಡನೆಯದು, ಅಲ್ಲಿ ನಡೆಯುತ್ತಿರುವ ವ್ಯಾಪಾರ. ಇದು ಮಾಮೂಲಿ ಸಂತೆಯಲ್ಲ. ಗೋವಾದ ಮುಖ್ಯ ಬೀದಿ, ಪೋರ್ಚುಗೀಸರ ‘ನೇರ ಬೀದಿ’, ಅಲ್ಲಿ ಹಬ್ಬದ ದಿನ ಬಿಟ್ಟು ದಿನಾಲೂ ಬೆಳಗ್ಗೆ 7ರಿಂದ 9ರವರೆಗೆ ಹರಾಜು. ಲೇಲಾಂವ್ ಅನ್ನುತ್ತಿದ್ದರು, ನಮ್ಮ ಉತ್ತರ ಕರ್ನಾಟಕದವರ ಲಿಲಾವು. ಬಿಸಿಲೇರುವ ಮುಂಚೆ ಎಲ್ಲ ಮುಗಿಯಬೇಕು. ಕೂಗುವವರು ಚಿನ್ನದ ಸರ, ಮುತ್ತು, ಉಂಗುರಗಳನ್ನು ಮೈಮೇಲೆಲ್ಲ ನೇತುಹಾಕಿಕೊಂಡು ಓಡಾಡುತ್ತಿದ್ದರು. ಅರಬ್ಬೀ ಕುದುರೆ, ಸಾಂಬಾರ ಪದಾರ್ಥ, ರತ್ನಗಂಬಳಿ ಮಾರಾಟಕ್ಕೆ. ಜೊತೆಗೆ ಮನುಷ್ಯರು. ಗಂಡಸರು, ಹೆಂಗಸರು, ಎಳೆಯರು, ಮುದುಕರು. ನಮ್ಮಲ್ಲಿ ದನ ಮಾರುವಂತೆ ಇಲ್ಲಿ ಗುಲಾಮರನ್ನು ದಿನಾ ಮಾರುತ್ತಾರೆ ಅಂತ ಲಿನ್ಸ್‌ಖೋಟನ್ ಬರೆದಿದ್ದಾನೆ. ಮೊಜಾಂಬಿಕ್ ಕಡೆಯಿಂದ ಹಡಗು ತುಂಬಿ ತಂದವರೂ ಅದರಲ್ಲಿದ್ದರು. ಪೋರ್ಚುಗೀಸ್ ಮನೆಗಳಲ್ಲಿ ಇಂಥ ಹತ್ತಿಪ್ಪತ್ತು ಜನ ಇರುವುದು ಸಾಮಾನ್ಯ. ಹೆಂಗಸರನ್ನು ಸಿಹಿತಿಂಡಿ, ಕಸೂತಿ ಮಾರಲು ಬೀದಿಗೆ ಕಳಿಸಿ, ಆ ಗಳಿಕೆಯಲ್ಲಿ ಯಜಮಾನರು ಬದುಕುತ್ತಿದ್ದರು.

ಈಗ ಚಿತ್ರಕ್ಕೆ ಬನ್ನಿ. ಬರಿಮೈಯವರಲ್ಲಿ ಯಾರು ಕೂಲಿಯವರು, ಯಾರು ಮಾರಾಟಕ್ಕೆ ನಿಂತವರು? ಮೈಕಟ್ಟು ನೋಡಿ ಹೇಳಲು ಆಗುವುದಿಲ್ಲ, ಯಾಕೆಂದರೆ ಎಲ್ಲರೂ ಒಂದೇ ರೋಮಿನ ಅಚ್ಚಿನಿಂದ ಬಂದವರು. ಆ ಬೀದಿಯಲ್ಲಿ ನಿಂತಿದ್ದರೆ ನಿಮಗೆ ಕೂಡಲೇ ಗೊತ್ತಾಗುತ್ತಿದ್ದ ಅತಿ ದೊಡ್ಡ ವ್ಯತ್ಯಾಸ ಅದು. ಕೆತ್ತನೆಯಲ್ಲಿ ಅದೇ ಅಳಿಸಿಹೋಗಿದೆ. ಬರಹ ಪಕ್ಕದಲ್ಲಿಟ್ಟುಕೊಳ್ಳದೆ ಈ ಚಿತ್ರವನ್ನು ಓದಬಾರದು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಇದನ್ನೆಲ್ಲ ದುಡ್ಡು ಕೊಟ್ಟು ನೋಡಿದವರು ಯಾರು? ಹಾಲೆಂಡಿನ ವ್ಯಾಪಾರಿಗಳು, ಹಡಗಿನವರು, ಓದು ಬಲ್ಲ ಸಿರಿವಂತರು. ಲ್ಯಾಟಿನ್ ಬರಹ ವಿದ್ವಾಂಸರಿಗೆ, ಡಚ್ ಬರಹ ಮನೆಮಂದಿಗೆ. ಅವರ ಕಾಲ ಎಂಥದ್ದು ನೋಡಿ. ಸ್ಪೇನಿನ ದೊರೆ ಎರಡನೇ ಫಿಲಿಪ್ ವಿರುದ್ಧ ಡಚ್ಚರು 1568ರಿಂದ ಬಡಿದಾಡುತ್ತಿದ್ದರು. 1580ರಲ್ಲಿ ಅದೇ ಫಿಲಿಪ್ ಪೋರ್ಚುಗಲ್ಲಿಗೂ ದೊರೆಯಾದ. ಅಲ್ಲಿಗೆ ಗೋವಾ, ಕಾಳುಮೆಣಸು, ಲಿಸ್ಬನ್ ಎಲ್ಲವೂ ಶತ್ರುವಿನ ಕೈಗೆ. ಲಿಸ್ಬನ್ನಿಗೆ ಹೋಗಿ ಮೆಣಸು ಕೊಂಡು ಉತ್ತರ ಯೂರೋಪಿಗೆಲ್ಲ ಮಾರುತ್ತಿದ್ದ ಡಚ್ಚರಿಗೆ ಆ ದಾರಿ ಬಿಗಿಯಾಯಿತು. 1585ರಲ್ಲಿ ಆಂಟ್‌ವರ್ಪ್ ಸ್ಪೇನಿನ ವಶವಾದ ಮೇಲೆ ಅಲ್ಲಿನ ವ್ಯಾಪಾರಿಗಳು, ಕೆತ್ತನೆಗಾರರು, ಮುದ್ರಕರು ದಂಡಿಯಾಗಿ ಉತ್ತರಕ್ಕೆ ಬಂದರು. ಬಂಡವಾಳ, ಕಸುಬು, ಸಿಟ್ಟು ಮೂರೂ ಒಂದೇ ಊರಲ್ಲಿ ಸೇರಿದವು.

ಅಂಥವರ ಕೈಗೆ ಬಂದ ಪುಸ್ತಕ ಇದು. ಮೆಣಸು ಎಲ್ಲಿ ಬೆಳೆಯುತ್ತದೆ, ದಾರಿ ಯಾವುದು, ಕಾವಲಿನವರು ಎಂಥವರು ಎಲ್ಲ ಒಂದೇ ಕಡೆ. ದಾರಿಯ ಭಾಗವನ್ನು ಮುಂಚೆಯೇ, 1595ರಲ್ಲಿ ಅಚ್ಚು ಹಾಕಿಸಿದ್ದರು. ಆ ವರ್ಷದ ಏಪ್ರಿಲ್‌ನಲ್ಲಿ ಕಾರ್ನೆಲಿಸ್ ಡಿ ಹೌಟ್‌ಮನ್‌ನ ನಾಲ್ಕು ಹಡಗುಗಳು ಜಾವಾದ ಕಡೆ ಹೊರಟಿದ್ದವು. ಚಿತ್ರಗಳು ಬೇರೆ ಕೆಲಸ ಮಾಡಿದವು. ಗೋವಾದ ಪೋರ್ಚುಗೀಸ್ ಧಣಿ ಪಲ್ಲಕ್ಕಿಯಲ್ಲಿ ಒರಗಿದ್ದಾನೆ. ಇನ್ನೊಬ್ಬ ಕುದುರೆ ಮೇಲೆ, ಕೊಡೆಯ ಕೆಳಗೆ. ಹೆಂಗಸರು ರಾತ್ರಿ ಹೊತ್ತು ಮೆರವಣಿಗೆಯಂತೆ ಚರ್ಚಿಗೆ ಹೋಗುತ್ತಾರೆ. ಕೆಲಸವೆಲ್ಲ ಆಳುಗಳದ್ದು. ಬರಹದಲ್ಲೂ ಸೋಮಾರಿತನ, ಲಂಚ, ಮೋಜಿನ ಮಾತುಗಳೇ ಜಾಸ್ತಿ. ಆಮ್ಸ್ಟರ್‌ಡಾಮಿನ ವ್ಯಾಪಾರಿ ಈ ಹಾಳೆಗಳನ್ನು ತಿರುವುವಾಗ ಏನು ಅಂದುಕೊಂಡಿರಬೇಕು? ಇವರನ್ನು ತಳ್ಳಿದರೆ ಬೀಳುತ್ತಾರೆ! 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು. 1630ರ ದಶಕದ ಕೊನೆಗೆ ಅದರ ಹಡಗುಗಳು ಗೋವಾದ ಅಳಿವೆಯನ್ನೇ ಅಡ್ಡಗಟ್ಟಿ ನಿಂತವು. 1663ರಲ್ಲಿ ಕೊಚ್ಚಿ ಅವರದ್ದಾಯಿತು. ಗುಲಾಮರ ಮಾರಾಟದ ಚಿತ್ರ ನೋಡಿ ಪೋರ್ಚುಗೀಸರನ್ನು ಹಳಿದವರ ಮೊಮ್ಮಕ್ಕಳು ಬಟಾವಿಯಾದಲ್ಲಿ, ಅಂದರೆ ಈಗಿನ ಜಕಾರ್ತಾದಲ್ಲಿ, ಅದೇ ವ್ಯಾಪಾರ ಮಾಡಿದರು ಅನ್ನುವುದನ್ನೂ ಹೇಳದೆ ಬಿಡಬಾರದು.

ಕನ್ನಡದವರು ಇದ್ದಾರೆಯೇ ಅಂತ ಕೇಳಿದ್ದೀರಿ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಪುಸ್ತಕದಲ್ಲಿ ‘ಕನಾರಿಮ್’ ರೈತರದ್ದೇ ಒಂದು ಫಲಕ ಇದೆ. ಕೂಡಲೇ ಕನ್ನಡಿಗರು ಅಂದುಕೊಳ್ಳಬೇಡಿ. ಪೋರ್ಚುಗೀಸರು ಗೋವಾದ ಹಳ್ಳಿಗರನ್ನೇ, ಅಂದರೆ ಕೊಂಕಣಿ ಮಾತಿನವರನ್ನೇ ಹಾಗೆ ಕರೆಯುತ್ತಿದ್ದರು. ಕನ್ನಡದವರನ್ನು ಹುಡುಕುವುದಾದರೆ ಅಂಗಡಿಗಳಲ್ಲಿ ಹುಡುಕಿ. ‘ಬಾಲಾಘಾಟ್’ ಸೀಮೆಯಿಂದ, ನೀವು ಕರಾವಳಿಯವರು ಈಗಲೂ ಹೇಳುವ ಘಟ್ಟದ ಮೇಲಿನಿಂದ, ಬಂದ ‘ಕನಾರ’ ಮತ್ತು ‘ದಖನಿ’ ವರ್ತಕರ ಬಗ್ಗೆ ಲಿನ್ಸ್‌ಖೋಟನ್ ಬೇರೆಯಾಗಿ ಬರೆಯುತ್ತಾನೆ. ಅವರು ಹೆಂಡತಿ ಮಕ್ಕಳೊಂದಿಗೆ ಗೋವಾದಲ್ಲೇ ಮನೆ ಮಾಡಿದವರು. ರೇಷ್ಮೆ, ಮಕಮಲ್ಲು, ಚೀನಾದ ಪಿಂಗಾಣಿ, ಹತ್ತಿಬಟ್ಟೆ ಅವರ ಅಂಗಡಿಯಲ್ಲಿ. ಪೋರ್ಚುಗೀಸರಿಂದ ಸಗಟಾಗಿ ಕೊಂಡು ಬಿಡಿಯಾಗಿ ಮಾರುತ್ತಿದ್ದರು. ಸುಂಕ ವಸೂಲಿಯ ಗುತ್ತಿಗೆಯನ್ನೂ ಹಿಡಿಯುತ್ತಿದ್ದರು. ಪೋರ್ಚುಗೀಸರ ಕಾನೂನನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಅಂತ ಅವನಿಗೇ ಬೆರಗು. ಆ ಸೀಮೆ ಆಗ ಬಿಜಾಪುರದ ಆದಿಲ್‌ಶಾಹಿಗಳದ್ದು, ದೊರೆ ಇನ್ನೂ ಹುಡುಗನಾಗಿದ್ದ ಎರಡನೇ ಇಬ್ರಾಹಿಂ. ಅವನ ರಾಯಭಾರಿ ಗೋವಾದ ಬೀದಿಯಲ್ಲಿ ಪಲ್ಲಕ್ಕಿಯಲ್ಲಿ ಹೋಗುವ ಫಲಕವೂ ಪುಸ್ತಕದಲ್ಲಿದೆ.

ನಿಮ್ಮ ಊರಿನ ಹತ್ತಿರದ ಹೊನ್ನಾವರವೂ ಬರುತ್ತದೆ, ಚಿತ್ರದಲ್ಲಲ್ಲ, ಬರಹದಲ್ಲಿ. ಅಲ್ಲಿನ ಸೀಮೆ ಒಬ್ಬ ರಾಣಿಯದ್ದು, ಅಲ್ಲಿಂದ ವರ್ಷಕ್ಕೆ ಸಾವಿರಗಟ್ಟಲೆ ಕ್ವಿಂಟಾಲ್ ಮೆಣಸು ಬರುತ್ತದೆ, ಮಲಬಾರಿನ ಮೆಣಸಿಗಿಂತ ಅದು ತೂಕದ್ದು, ಆದರೆ ದುಡ್ಡು ಮುಂಗಡ ಕೊಡಬೇಕು ಅನ್ನುತ್ತಾನೆ. ಕಾಲ ನೋಡಿದರೆ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಆಳ್ವಿಕೆ ಅದು.

ಚಿತ್ರಗಳಲ್ಲಿ ನಾನು ಬಹುಪಾಲು ನಂಬದೇ ಇರುವುದು ಒಂದೇ, ವಿಗ್ರಹದ ಫಲಕ. ಕೊಂಬು, ಕೋರೆಹಲ್ಲು, ಹೊಟ್ಟೆಯ ಮೇಲೆ ಇನ್ನೊಂದು ಮುಖ ಇರುವ ಭಯಂಕರ ಆಕೃತಿ. 1510ರಲ್ಲಿ ವರ್ತೆಮಾ ಎಂಬ ಇಟಲಿಯವನು ಕಲ್ಲಿಕೋಟೆಯ ‘ದೆವ್ವ’ದ ಬಗ್ಗೆ ಬರೆದ, 1515ರಲ್ಲಿ ಆಗ್ಸ್‌ಬರ್ಗಿನಲ್ಲಿ ಅದಕ್ಕೆ ಯೋರ್ಗ್ ಬ್ರಾಯ್ ಚಿತ್ರ ಮಾಡಿದ. ಅಂದಿನಿಂದ ಯೂರೋಪಿನ ಚಿತ್ರಗಾರರಿಗೆ ಭಾರತದ ದೇವರೆಂದರೆ ಚರ್ಚಿನ ಗೋಡೆಯ ಸೈತಾನನೇ. ಆದರೂ ಆ ಹೊಟ್ಟೆಯ ಮುಖ ನನ್ನನ್ನು ಸುಮ್ಮನಿರಲು ಬಿಡುವುದಿಲ್ಲ. ನಮ್ಮ ವಿಗ್ರಹಗಳ ನಡುಪಟ್ಟಿಯ ಮೇಲೆ ಕೊಂಬಿನ, ಕೋರೆಯ ಸಿಂಹಮುಖ ಇರುತ್ತದೆ. ಅದನ್ನು ಮಬ್ಬುಗತ್ತಲೆಯ ಗುಡಿಯಲ್ಲಿ ಕಂಡವನು ಹೊಟ್ಟೆಗೇ ಮುಖ ಇದೆ ಅಂದುಕೊಂಡನೇ? ಇದು ನನ್ನ ಊಹೆ ಮಾತ್ರ, ಆದರೆ ಬಿಟ್ಟುಕೊಡಲು ಮನಸ್ಸಿಲ್ಲದ ಊಹೆ.

ನಿಮ್ಮ ಸಂತೆ ಚಿತ್ರದ ಲೆಕ್ಕ ಹೀಗೆ. ಬೀದಿ, ಹರಾಜು, ಕೊಡೆಯ ಮರ್ಯಾದೆ ಬರಹಕ್ಕೆ ಹೊಂದುತ್ತವೆ, ಅವನ್ನು ಧೈರ್ಯವಾಗಿ ಒಪ್ಪಿ. ಉಡುಪನ್ನು ಬಹುಮಟ್ಟಿಗೆ ಒಪ್ಪಿ. ಮೈ, ಮುಖ, ನಿಲುವು ಹಾರ್ಲೆಮ್‌ನದ್ದು. ಮನೆಗಳನ್ನು ನಂಬಿ ಹಳೆ ಗೋವಾದಲ್ಲಿ ಹುಡುಕಲು ಹೊರಡಬೇಡಿ. ಚರ್ಚುಗಳು ಉಳಿದಿವೆ, ಆ ಬೀದಿಯ ಮನೆಗಳು ಉಳಿದಿಲ್ಲ. ಎಡ ಬಲವನ್ನೂ ಪರೀಕ್ಷಿಸಿ. ತಾಮ್ರದ ಮೇಲಿನ ಚಿತ್ರ ಕಾಗದಕ್ಕೆ ಬರುವಾಗ ತಿರುಗುಮುರುಗಾಗುತ್ತದೆ. ಕೆತ್ತುವವನು ಮೊದಲೇ ತಿರುಗಿಸಿ ಬರೆದುಕೊಳ್ಳದಿದ್ದರೆ ಎಲ್ಲರೂ ಎಡಚರಾಗುತ್ತಾರೆ. ಕತ್ತಿ ಎಡ ಸೊಂಟದಲ್ಲಿದ್ದರೆ ಸರಿ. ಹೆಚ್ಚಿನವರಿಗೆ ಬಲ ಸೊಂಟದಲ್ಲಿದ್ದರೆ ಚಿತ್ರ ತಿರುಗಿದೆ ಅಂತ ಲೆಕ್ಕ, ಆಗ ನಕಲು ಇರಬಹುದೇ ಅಂತಲೂ ಯೋಚಿಸಬೇಕು.

ಕೊನೆಗೆ ಒಂದು ಮಾತು, ನೀವು ಕೇಳದಿದ್ದರೂ. ಅಂಗಡಿಯವರು ಹಾಕಿದ ಫ್ರೇಮಿನ ಹಿಂದೆ ಪ್ಲೈವುಡ್ ಅಥವಾ ಸಾದಾ ರಟ್ಟು ಇದ್ದರೆ ತೆಗೆಸಿ. ಅದರ ಆಮ್ಲ ಕಾಗದಕ್ಕೆ ಇಳಿದು ಕಂದು ಕಲೆ ಮಾಡುತ್ತದೆ. ಆಮ್ಲವಿಲ್ಲದ ರಟ್ಟು ಹಾಕಿಸಿ, ಗಾಜು ಕಾಗದಕ್ಕೆ ತಾಗದಂತೆ ಸುತ್ತ ಅಂಚು ಕೊಡಿಸಿ. ಕರಾವಳಿಯ ಮಳೆಗಾಲದಲ್ಲಿ ಗಾಜಿಗೆ ಅಂಟಿದ ಕಾಗದಕ್ಕೆ ಬೂಷ್ಟು ಹಿಡಿಯುವುದು ಖಂಡಿತ. ಮಡಿಕೆ ಸರಿ ಮಾಡುತ್ತೇನೆ ಅಂತ ಇಸ್ತ್ರಿ ಪೆಟ್ಟಿಗೆ ಮಾತ್ರ ಮುಟ್ಟಿಸಬೇಡಿ.